ಹಳೇ ಸಿಂಗಲ್ ಆಕ್ಷನ್ ರಿವಾಲ್ವರ್: ಇಡೋದಕ್ಕಲ್ಲ, ಹೊಡೆಯೋದಕ್ಕೆ. ಯಾವುದು ತಗೊಳ್ಳಲಿ?

ಹಾಸನದಿಂದ_ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ನಾನು ಸ್ಯಾನ್ ಆಂಟೋನಿಯೋದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಹೋದ ವರ್ಷ ಸಿಟಿಜನ್ ಆದೆ. ತಿಂಗಳಿಗೆ ಎರಡು ಶನಿವಾರ ರೇಂಜ್‌ಗೆ ಹೋಗುತ್ತೇನೆ, ಒಂದು .22 ಪಿಸ್ತೂಲ್ ಇದೆ. ಮೊನ್ನೆ ಪಕ್ಕದ ಲೇನ್‌ನಲ್ಲಿದ್ದ ಹಿರಿಯರೊಬ್ಬರು ತಮ್ಮ ಹಳೇ ಕೋಲ್ಟ್ ಸಿಂಗಲ್ ಆಕ್ಷನ್ (ಪ್ರತಿ ಗುಂಡಿಗೂ ಹಿಂದಿನ ಹ್ಯಾಮರ್ ಕೈಯಲ್ಲೇ ಎಳೆಯಬೇಕಾದ ರಿವಾಲ್ವರ್) ಕೈಗೆ ಕೊಟ್ಟು ಐದು ಗುಂಡು ಹಾರಿಸಿ ನೋಡು ಅಂದರು. ಹ್ಯಾಮರ್ ನಿಧಾನವಾಗಿ ಎಳೆದರೆ ಕ್ಲಿಕ್, ಕ್ಲಿಕ್ ಅಂತ ನಾಲ್ಕು ಸದ್ದು. ಹೊಡೆದಾಗ ಏಟು ಅಂಗೈಗೆ ನೇರವಾಗಿ ಬರಲಿಲ್ಲ, ಹಿಡಿ ಮೆಲ್ಲಗೆ ಕೈಯೊಳಗೆ ಜಾರಿ ಮೇಲಕ್ಕೆ ತಿರುಗಿತು. ಅವತ್ತಿನಿಂದ ಅದೇ ಯೋಚನೆ.

ಹೋದ ವಾರ ಗನ್ ಶೋನಲ್ಲಿ ಮೂರು ನೋಡಿ ಬಂದೆ.

1. ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ, .44-40, ಸೀರಿಯಲ್ 1,40,000ದ ಆಸುಪಾಸು, ಅಂದರೆ 1891ರದ್ದು. ಯಾರೋ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕಡುನೀಲಿ ಬಣ್ಣ ಕೊಡೋದು) ಮಾಡಿಸಿದ್ದಾರೆ. 1,800 ಡಾಲರ್ ಹೇಳಿದರು.
2. ಅದೇ ಕೋಲ್ಟ್, ಆದರೆ ಎರಡನೇ ಪೀಳಿಗೆಯದು, 1960ರ ದಶಕದ್ದು, .45 ಕೋಲ್ಟ್, ಐದೂವರೆ ಇಂಚಿನ ನಳಿಗೆ. 1,900 ಡಾಲರ್.
3. ರೂಗರ್ ಬ್ಲ್ಯಾಕ್‌ಹಾಕ್, ಹಳೇ ಮಾಡೆಲ್, ಮೂರು ಸ್ಕ್ರೂ ಇರುವುದು, .357 ಮ್ಯಾಗ್ನಮ್. 650 ಡಾಲರ್.

ತಿಂಗಳಿಗೆ ಸುಮಾರು ಇನ್ನೂರು ಗುಂಡು ಹೊಡೆಯುವ ಯೋಚನೆ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಇಡೋದಕ್ಕೆ ಬೇಡ. ನಿಜ ಹೇಳಬೇಕು ಅಂದರೆ ಮನಸ್ಸು ಮೊದಲನೆಯದರ ಮೇಲೇ ಇದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಫೀನಿಕ್ಸ್_ಬಯಲು

ಒಳ್ಳೇ ಸಮಯಕ್ಕೆ ಕೇಳಿದಿರಿ, ದುಡ್ಡು ಕೊಟ್ಟ ಮೇಲೆ ಕೇಳುವವರೇ ಜಾಸ್ತಿ. ನಾನು ಅರಿಜೋನಾದಲ್ಲಿ ಹನ್ನೊಂದು ವರ್ಷದಿಂದ ಕೌಬಾಯ್ ಶೂಟಿಂಗ್ ಪಂದ್ಯಗಳಲ್ಲಿ ಹೊಡೆಯುತ್ತಿದ್ದೇನೆ. ಈ ಥರದ ಬಂದೂಕು ನಾಲ್ಕು ತಗೊಂಡು ಬದಲಾಯಿಸಿದ್ದೇನೆ. ಅದರಿಂದ ಕಲಿತದ್ದು ಹೇಳುತ್ತೇನೆ. ವಾರ ವಾರ ಹೊಡೆಯುವವರು ಹೊರಗಿನ ಮೈ ಬಣ್ಣ, ಇಸವಿ ಎರಡನ್ನೂ ಬದಿಗಿಡಬೇಕು. ಒಳಗಿನ ಕೀಲುಗಳು ಹೇಗಿವೆ ಅನ್ನೋದೊಂದೇ ಮುಖ್ಯ.

ಮೊದಲನೆಯದರ ವಿಷಯ. 1891 ಅಂದರೆ ಅದು ಕರಿಮದ್ದಿನ ಕಾಲದ ಉಕ್ಕು. ಹೊಗೆಯಿಲ್ಲದ ಮದ್ದಿಗೆ (ಈಗಿನ ಅಂಗಡಿ ತೋಟೆಗಳಲ್ಲಿ ಇರೋದು ಅದೇ) ಕೋಲ್ಟ್ ಕಂಪನಿಯವರು ಗ್ಯಾರಂಟಿ ಕೊಟ್ಟಿದ್ದೇ 1900ರ ಹೊತ್ತಿಗೆ, ಸೀರಿಯಲ್ 1,92,000ದ ಹತ್ತಿರ. ಅದರ ಕೆಳಗಿನ ನಂಬರ್‌ನ ಬಂದೂಕಿಗೆ ಅಂಗಡಿಯ ಮಾಮೂಲಿ ಡಬ್ಬಿಯ ತೋಟೆ ತುಂಬಬೇಡಿ. ಹಾಕಿ ಹೊಡೆಯುವವರು ಇದ್ದಾರೆ, ಏನೂ ಆಗಿಲ್ಲ ಅಂತಲೂ ಹೇಳುತ್ತಾರೆ. ಆದರೆ ಆ ಸಿಲಿಂಡರ್ (ತೋಟೆಗಳು ಕೂರುವ, ತಿರುಗುವ ಉರುಳೆ) ಹಿಂದಿನ ಕಾಲದಲ್ಲಿ ಯಾರ ಕೈಯಲ್ಲಿ ಏನೇನು ಅನುಭವಿಸಿದೆ ಅಂತ ನಮಗೆ ಗೊತ್ತಿಲ್ಲ ಅಲ್ವಾ? ಫ್ರೇಮಿನ ಮುಂದೆ ಸಿಲಿಂಡರ್ ಪಿನ್ ಕೆಳಗಡೆ ಒಂದು ಓರೆ ಸ್ಕ್ರೂ ಇದ್ದರೆ ಅದು ಕರಿಮದ್ದಿನ ಫ್ರೇಮ್. ಆಮೇಲೆ ಬಂದವುಗಳಲ್ಲಿ ಅಡ್ಡಡ್ಡಕ್ಕೆ ಸ್ಪ್ರಿಂಗ್ ಇರುವ ಒತ್ತುಗುಂಡಿ ಇರುತ್ತದೆ. ಸುಮ್ನೆ ನೋಡಿದರೇ ಗೊತ್ತಾಗುತ್ತೆ.

ಯಾವುದೇ ಬಂದೂಕಾಗಲಿ, ಮೇಜಿನ ಹತ್ತಿರ ಹೀಗೆ ಮಾಡಿ. ಮಾರುವವರ ಅನುಮತಿ ಕೇಳಿ, ಖಾಲಿ ಇದೆ ಅಂತ ತೋಟೆ ತುಂಬುವ ಪಕ್ಕದ ಗೇಟ್ ತೆರೆದು ಆರೂ ಚೇಂಬರ್ (ತೋಟೆ ಕೂರುವ ತೂತು) ನೋಡಿಕೊಳ್ಳಿ. ಎಡಗೈ ಹೆಬ್ಬೆರಳು ಸಿಲಿಂಡರ್ ಮೇಲೆ ಹಗುರವಾಗಿ ಇಡಿ, ಸ್ವಲ್ಪವೇ ತಡೆ ಕೊಡೋ ಹಾಗೆ. ಬಲಗೈಯಿಂದ ಹ್ಯಾಮರ್‌ನ ತುಂಬಾ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಹಿಂದೆ ನಿಲ್ಲುವ ಹೊತ್ತಿಗೆ ಸಿಲಿಂಡರ್ ಕೂಡ ಟಕ್ ಅಂತ ಲಾಕ್ ಆಗಿರಬೇಕು. ಹ್ಯಾಮರ್ ನಿಂತರೂ ಸಿಲಿಂಡರ್ ಇನ್ನೂ ಕೂದಲೆಳೆಯಷ್ಟು ಹಿಂದೆ ಇದ್ದು, ಬೆರಳಲ್ಲಿ ತಳ್ಳಿದ ಮೇಲೆ ಲಾಕ್ ಆದರೆ ಸಿಲಿಂಡರ್ ತಿರುಗಿಸುವ ಒಳಗಿನ ಸಣ್ಣ ಭಾಗ, ಅದಕ್ಕೆ ಕೈ ಅಂತಾರೆ, ಸವೆದಿದೆ ಅಂತ ಅರ್ಥ. ಆರಕ್ಕೆ ಆರೂ ಚೇಂಬರ್ ಹೀಗೆ ನೋಡಬೇಕು, ಒಂದು ನೋಡಿ ಬಿಡಬೇಡಿ. ಆಮೇಲೆ ಲಾಕ್ ಆಗಿರುವಾಗ ಸಿಲಿಂಡರ್ ಹಿಡಿದು ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಅಲ್ಲಾಡಿಸಿ. ಒಂಚೂರು ಅಲುಗಾಟ ಇದ್ದೇ ಇರುತ್ತದೆ. ಹಿಂದೆ ಮುಂದೆ ಕಟಕಟ ಅಂದರೆ ಬಿಟ್ಟುಬಿಡಿ. ನಳಿಗೆಗೂ ಸಿಲಿಂಡರಿಗೂ ನಡುವೆ ಇಂಚಿನ ಸಾವಿರದಲ್ಲಿ ಆರು ಪಾಲಿನಷ್ಟು ಸಂದು ಇದ್ದರೆ ನನಗೆ ಸಮಾಧಾನ. ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳಗಿನ ಪಟ್ಟಿಗಳು) ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಕಾರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ.

ಆ ನಾಲ್ಕು ಕ್ಲಿಕ್‌ಗಳಲ್ಲಿ ಮೊದಲನೆಯದನ್ನ ಸೇಫ್ಟಿ ನಾಚ್ ಅಂತಾರೆ. ದಯವಿಟ್ಟು ಅದನ್ನ ನಂಬಬೇಡಿ. ಬಂದೂಕು ಹ್ಯಾಮರ್ ಮೇಲೆ ಬಿದ್ದರೆ ಟ್ರಿಗರಿನ ತೆಳ್ಳಗಿನ ತುದಿ ಮುರಿದು ಗುಂಡು ಹಾರುತ್ತದೆ. ಕೋಲ್ಟ್ ಆಗಲಿ ಹಳೇ ರೂಗರ್ ಆಗಲಿ, ಆರು ಚೇಂಬರಿಗೆ ಐದೇ ತೋಟೆ. ಒಂದು ಹಾಕಿ, ಒಂದು ಬಿಟ್ಟು, ನಾಲ್ಕು ಹಾಕಿ, ಹ್ಯಾಮರ್ ಪೂರ್ತಿ ಎಳೆದು ನಿಧಾನವಾಗಿ ಇಳಿಸಿ. ಹ್ಯಾಮರ್ ಸರಿಯಾಗಿ ಖಾಲಿ ಚೇಂಬರ್ ಮೇಲೆ ಬಂದು ಕೂರುತ್ತದೆ. ನಮ್ಮ ಪಂದ್ಯಗಳಲ್ಲಿ ಎಲ್ಲರಿಗೂ ಐದೇ, ಹೊಸ ಮಾದರಿ ಇದ್ದವರಿಗೂ. ಹಾಗೇ ಅರ್ಧ ಎಳೆದಲ್ಲಿಂದ ಹ್ಯಾಮರ್ ವಾಪಸ್ ಇಳಿಸಬೇಡಿ, ಸಿಲಿಂಡರ್ ಸುತ್ತ ಗೀರು ಬೀಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮಾತು: ನಿಮ್ಮ ಲೆಕ್ಕಕ್ಕೆ ಮೂರನೆಯದು. 1953ರಲ್ಲಿ ರೂಗರ್‌ನವರು ಸಿಂಗಲ್ ಸಿಕ್ಸ್ ತಂದಾಗ ಕೋಲ್ಟ್‌ನವರು ಸಿಂಗಲ್ ಆಕ್ಷನ್ ಮಾಡೋದನ್ನೇ ನಿಲ್ಲಿಸಿದ್ದರು. ರೂಗರ್‌ನವರು ಆಕಾರ ಹಳೆಯದೇ ಇಟ್ಟುಕೊಂಡು ಒಳಗಿನ ಪಟ್ಟಿ ಸ್ಪ್ರಿಂಗ್ ತೆಗೆದು ಸುರುಳಿ ಸ್ಪ್ರಿಂಗ್ ಹಾಕಿದರು. ಬ್ಲ್ಯಾಕ್‌ಹಾಕ್ ಬಂದಿದ್ದು 1955ರಲ್ಲಿ. ಆ ಸ್ಪ್ರಿಂಗ್ ಮುರಿದದ್ದು ನಾನು ಇವತ್ತಿಗೂ ನೋಡಿಲ್ಲ. ಕೋಲ್ಟ್‌ನಲ್ಲಿ ಟ್ರಿಗರಿಗೂ ಸಿಲಿಂಡರ್ ಲಾಕಿಗೂ ಸೇರಿ ಎರಡು ಕಾಲಿನ ಒಂದೇ ಪಟ್ಟಿ ಸ್ಪ್ರಿಂಗ್. ಅದು ನನಗೆ ಪಂದ್ಯದ ಮಧ್ಯದಲ್ಲೇ ಮುರಿದಿದೆ. ಮೂರನೇ ಗುಂಡಿಗೆ ಸಿಲಿಂಡರ್ ಗಿರಗಿಟ್ಟಲೆ ಥರ ತಿರುಗಲು ಶುರುವಾಯಿತು. ಕೋಲ್ಟೇ ಬೇಕು ಅಂದರೆ ಎರಡು ಸ್ಪ್ರಿಂಗ್ ಮನೆಯಲ್ಲಿ ಇಟ್ಟುಕೊಳ್ಳಿ.

ಕೇಪಿನಕೋವಿ

ನಾನು ವಿರಾಜಪೇಟೆಯ ಕಡೆಯವನು, ಈಗ ಒಹಾಯೋದಲ್ಲಿದ್ದೇನೆ. ಫೀನಿಕ್ಸ್‌ನವರು ಹೇಳಿದ್ದು ಎಲ್ಲ ಸರಿ, ಆದರೆ 1891ರದ್ದನ್ನ ಇಷ್ಟು ಬೇಗ ತಳ್ಳಿಬಿಡಬಾರದು ಅಂತ ನನ್ನ ಮನಸ್ಸು.

ನಮ್ಮಲ್ಲಿ ಹ್ಯಾಮರಿಗೆ ಕುದುರೆ ಅಂತಾರೆ. ತಾತನ ಹತ್ತಿರ ಕೇಪಿನ ಕೋವಿ ಇತ್ತು, ಕರಿಮದ್ದು ತುಂಬಿ ಹೊಡೆಯುವಂಥದ್ದು. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ) ಬಂತು ಅಂದರೆ ಕೋವಿಗಳನ್ನೆಲ್ಲ ತೊಳೆದು ಒರೆಸಿ ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಆಮೇಲೆ ತೆಂಗಿನಕಾಯಿಗೆ ಈಡು. ಅದು ಮುಗಿದ ಮೇಲೆ ಎಲ್ಲರೂ ಊಟಕ್ಕೆ ಕೂತರೆ ತಾತ ಮಾತ್ರ ಹಿತ್ತಲಲ್ಲಿ ಕುದಿಯುವ ನೀರಿನ ತಂಬಿಗೆ ಹಿಡಿದು ಕೂರುತ್ತಿದ್ದರು. ನಳಿಗೆಯಿಂದ ಮೊದಲು ಕರೀ ನೀರು, ಆಮೇಲೆ ಬೂದು, ಕೊನೆಗೆ ತಿಳಿ ನೀರು ಬರಬೇಕು. ಬಿಸಿ ನಳಿಗೆ ತಾನೇ ಒಣಗುತ್ತದೆ, ಆಗ ಎಣ್ಣೆ. ನಮ್ಮ ಮಳೆಗೆ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಕೆಂಪು ತುಕ್ಕು ಬಂದಿರುತ್ತಿತ್ತು.

ಯಾಕೆ ಹೇಳಿದೆ ಅಂದರೆ, ಕರಿಮದ್ದು ಅಂದ ಕೂಡಲೇ ಜನ ಹೆದರುತ್ತಾರೆ. ಹೆದರುವಂಥದ್ದು ಏನಿಲ್ಲ. ಬಿಸಿನೀರು, ಸ್ವಲ್ಪ ಸೋಪು, ಅವತ್ತಿನ ದಿನವೇ ತೊಳೆಯುವ ಶಿಸ್ತು, ಅಷ್ಟೇ. ಮೃದು ಸೀಸದ ಗುಂಡು, ಗುಂಡಿಗೆ ಹಚ್ಚುವ ಮೃದುವಾದ ಲೂಬು (ಜಿಡ್ಡು), ಸಿಲಿಂಡರ್ ಪಿನ್‌ಗೆ ಧಾರಾಳವಾಗಿ ಗ್ರೀಸು ಇರಬೇಕು. ಮೂರು ನಾಲ್ಕು ಸುತ್ತು ಆದ ಮೇಲೆ ಮಸಿ ಕಟ್ಟಿ ಸಿಲಿಂಡರ್ ಬಿಗಿಯಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಸಿಲಿಂಡರಿನ ಮುಂಭಾಗ ಒರೆಸಿ ಮುಂದುವರಿಸಿ. ಅದರಲ್ಲೂ ನಿಮ್ಮದು .44-40 ಅಂದಿರಿ. ಅದರ ತೋಟೆಯ ಕತ್ತು ತೆಳ್ಳಗೆ, ಹೊಡೆದಾಗ ಚೇಂಬರಿಗೆ ಅಂಟಿಕೊಂಡು ಮಸಿ ಹಿಂದೆ ಬರದ ಹಾಗೆ ತಡೆಯುತ್ತದೆ. .45ರ ಹಿತ್ತಾಳೆ ದಪ್ಪ, ಅಷ್ಟು ಚೆನ್ನಾಗಿ ತಡೆಯಲ್ಲ. ನೀವೇ ತೋಟೆ ತುಂಬುವುದಾದರೆ ಮಾತ್ರ ಎಚ್ಚರ, ಅದೇ ತೆಳ್ಳಗಿನ ಕತ್ತು ಅಚ್ಚಿನಲ್ಲಿ ಬೇಗ ಮುದುಡುತ್ತದೆ. ಈ ತೋಟೆ ವಿಂಚೆಸ್ಟರ್ 1873 ರೈಫಲ್‌ನದ್ದೇ. ಒಂದೇ ತೋಟೆ ರೈಫಲಿಗೂ ಸೊಂಟದ ಬಂದೂಕಿಗೂ ಆಗುತ್ತಿತ್ತು ಅಂತಲೇ ಆಗ ಜನ ಅದನ್ನ ಮೆಚ್ಚಿದ್ದು.

ಮತ್ತೆ ಬ್ಲೂಯಿಂಗ್ ಮಾಡಿಸಿದ್ದು ನಿಮ್ಮಂಥವರಿಗೆ ಲಾಭವೇ. ಸಂಗ್ರಹ ಮಾಡುವವರು ಅದನ್ನ ಮುಟ್ಟಲ್ಲ, ಬೆಲೆ ಇಳಿಯುತ್ತದೆ. ಪಾಲಿಶ್ ಮಾಡುವಾಗ ಅಕ್ಷರಗಳು ಮಸುಕಾಗಿವೆಯಾ, ಸ್ಕ್ರೂ ತೂತಿನ ಅಂಚು ತಟ್ಟೆ ಥರ ತಗ್ಗಾಗಿದೆಯಾ ನೋಡಿ ಚೌಕಾಸಿ ಮಾಡಿ.

ನನಗೆ ಆದ ಒಂದು ನಷ್ಟ ಹೇಳುತ್ತೇನೆ. ಐದು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಇಂಥದ್ದೇ ಕೋಲ್ಟ್ ತಗೊಂಡೆ. ನಳಿಗೆ ಚೆನ್ನಾಗಿದೆ ಅಂತ ಅವರು ಹೇಳಿದರು, ಹೊರಗಿನಿಂದ ಹೊಳೆಯುತ್ತಿತ್ತು, ನಾನು ನಂಬಿದೆ. ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ನಳಿಗೆಯ ನಡುವೆ ಒಂದು ಕರೀ ಉಂಗುರ. ಹಿಂದೆ ಯಾವಾಗಲೋ ಒಂದು ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿದೆ, ಅದರ ಹಿಂದೆಯೇ ಇನ್ನೊಂದು ಹೊಡೆದಿದ್ದಾರೆ, ಅಲ್ಲಿ ಉಬ್ಬಿದೆ. ಬೆರಳಿಗೆ ಹೊರಗಡೆ ಏನೂ ಸಿಗುವುದಿಲ್ಲ. ಸಣ್ಣ ಟಾರ್ಚ್ ಮರೀಬೇಡಿ. ನಳಿಗೆಯೊಳಗೆ ತುಕ್ಕಿನ ಗುಳಿಗಳಿದ್ದರೆ ಪರವಾಗಿಲ್ಲ, ಎಷ್ಟೋ ಗುಳಿಬಿದ್ದ ನಳಿಗೆ ನೇರವಾಗಿ ಹೊಡೆಯುತ್ತವೆ. ಉಂಗುರ ಇದ್ದರೆ ಮಾತ್ರ ಬೇಡ.

ಡಲ್ಲಾಸ್_ಎಚ್1ಬಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಎಚ್1ಬಿ ವೀಸಾದಲ್ಲಿ ಇದ್ದೇನೆ. ರೂಮ್‌ಮೇಟ್‌ಗೆ ಗ್ರೀನ್ ಕಾರ್ಡ್ ಇದೆ, ಅವನ ಜೊತೆ ರೇಂಜ್‌ಗೆ ಹೋಗಿ ಹೊಡೆಯಬಹುದಾ? 1898ಕ್ಕಿಂತ ಹಳೇ ಬಂದೂಕಿಗೆ ಯಾವ ಕಾಗದವೂ ಬೇಡ ಅಂತಾರಲ್ಲ?

ಫೀನಿಕ್ಸ್_ಬಯಲು

ಇದನ್ನ ಕೇಳಿದ್ದು ತುಂಬಾ ಒಳ್ಳೇದಾಯ್ತು, ನಮ್ಮ ಹುಡುಗರು ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಫೆಡರಲ್ ಕಾನೂನಿನಲ್ಲಿ ನಾನ್ ಇಮಿಗ್ರೆಂಟ್ ವೀಸಾದಲ್ಲಿ ಬಂದವರು ಬಂದೂಕು ಕೊಳ್ಳೋದಷ್ಟೇ ಅಲ್ಲ, ಕೈಯಲ್ಲಿ ಹಿಡಿಯೋದೂ ನಿಷಿದ್ಧ. ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೆದರೂ ಅಷ್ಟೇ. ಕೆಲವು ವಿನಾಯಿತಿ ಇವೆ. ಅದರಲ್ಲಿ ಸಾಮಾನ್ಯವಾಗಿ ಬಳಸೋದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು. ಅವಧಿ ಮುಗಿದದ್ದು ನಡೆಯಲ್ಲ. ಹಸಿರು ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

1898 ಅಥವಾ ಅದಕ್ಕೂ ಮೊದಲು ತಯಾರಾದದ್ದನ್ನ ಫೆಡರಲ್ ಕಾನೂನು ಆಂಟಿಕ್ ಅಂತ ಬೇರೆ ಇಟ್ಟಿದೆ, ಡೀಲರ್ ಫಾರ್ಮ್ ಬೇಡ ಅನ್ನೋದು ನಿಜ. ಆದರೆ ರಾಜ್ಯ ರಾಜ್ಯಕ್ಕೆ ಕಾನೂನು ಬೇರೆ. ನಿಮ್ಮ ವೀಸಾ, ಮುಂದಿನ ಗ್ರೀನ್ ಕಾರ್ಡ್ ಎಲ್ಲ ಇದರ ಮೇಲೆ ನಿಂತಿದೆ. ಇಮಿಗ್ರೇಷನ್ ವಕೀಲರನ್ನ ಕೇಳದೆ ಒಂದು ಹೆಜ್ಜೆಯೂ ಇಡಬೇಡಿ ತಮ್ಮಾ. ಕಾರ್ಡ್ ಬರೋ ತನಕ ಕಾಯೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಮೈಸೂರ್_ಡೆನ್ವರ್

ಯಾರೂ ಹೇಳಲಿಲ್ಲವಲ್ಲ ಅಂತ ಹೇಳುತ್ತೇನೆ: ಹೊಸ ಉಬೆರ್ಟಿ, ಅಂದರೆ ಹಳೇ ಕೋಲ್ಟ್‌ನ ನಕಲು, ತಗೊಳ್ಳಿ. ಇಟಲಿಯಲ್ಲಿ ಮಾಡುತ್ತಾರೆ, ನಿಮ್ಮ ಟೆಕ್ಸಸ್‌ನ ಫ್ರೆಡರಿಕ್ಸ್‌ಬರ್ಗ್‌ನಲ್ಲೇ ಸಿಮರಾನ್‌ನವರು ತರಿಸಿ ಮಾರುತ್ತಾರೆ. ಹಳೇ ಬಂದೂಕಿನ ಒಂದೊಂದು ಭಾಗ ಸವೆಯುವಾಗಲೂ ಹೊಟ್ಟೆ ಉರಿಯುತ್ತದೆ. ಹೊಸದರಲ್ಲಿ ಹಾಯಾಗಿ ಸಾವಿರ ಗುಂಡು ಹೊಡೆಯಬಹುದು. ನಾನು ಆರು ವರ್ಷದಿಂದ .45ರಲ್ಲಿ ಒಂದು ಇಟ್ಟುಕೊಂಡಿದ್ದೇನೆ.

ಎರಡನೆಯದನ್ನ, ಅಂದರೆ 60ರ ದಶಕದ ಕೋಲ್ಟ್ ತಗೊಂಡರೆ ಒಂದು ಮಾತು. .45 ಕೋಲ್ಟ್‌ಗೆ ಮಾಮೂಲಿ ಒತ್ತಡದ ಮಿತಿ 14,000 ಪಿಎಸ್‌ಐ. ರೀಲೋಡಿಂಗ್ (ತೋಟೆ ನಾವೇ ತುಂಬಿಕೊಳ್ಳೋದು) ಪುಸ್ತಕಗಳಲ್ಲಿ ಅದೇ .45ಕ್ಕೆ ರೂಗರ್‌ಗೆ ಮಾತ್ರ ಅಂತ ಬೇರೆ ಪುಟ ಇರುತ್ತದೆ, ಅದು ಇದಕ್ಕಿಂತ ಬಹಳ ಜಾಸ್ತಿ. ಹೊರಗಿನಿಂದ ನೋಡೋದಕ್ಕೇನೋ ಎರಡೂ ಒಂದೇ ತೋಟೆ, ಚೇಂಬರಿಗೂ ಸರಿಯಾಗಿ ಹೋಗುತ್ತದೆ. ಆದರೆ ಕೋಲ್ಟ್‌ನ ಸಿಲಿಂಡರ್ ಗೋಡೆ ತೆಳು. ಆ ಪುಟದ ಕಡೆ ತಲೆ ಹಾಕಬೇಡಿ. ಬೇರೆಯವರು ತುಂಬಿದ ತೋಟೆ ಪುಕ್ಕಟೆ ಕೊಟ್ಟರೂ ಬೇಡ.

ಕೇಪಿನಕೋವಿ

ಡೆನ್ವರ್‌ನವರೇ, ಉಬೆರ್ಟಿ ಒಳ್ಳೇದೇ. ಆದರೆ ಇವರು ಕೇಳಿದ್ದು ಹಳೇದು. ಹಳೇ ಬಂದೂಕು ಹೊಡೆಯದೆ ಇಟ್ಟರೆ ಯಾರಿಗೂ ಅದರ ಕೆಲಸ ಅರ್ಥವಾಗುವುದಿಲ್ಲ ಅಂತ ನಾನು ನಂಬಿದ್ದೇನೆ. ತಿಂಗಳಿಗೆ ಇನ್ನೂರು ಅದಕ್ಕೆ ಜಾಸ್ತಿಯಾಯಿತು, ವರ್ಷಕ್ಕೆ ಇನ್ನೂರು ಆಗಬಹುದು.

ಫೀನಿಕ್ಸ್_ಬಯಲು

ವರ್ಷಕ್ಕೆ ಇನ್ನೂರು ಅಂದರೆ ನಾನೂ ಒಪ್ಪುತ್ತೇನೆ.

ಹಾಸನದವರೇ, ರೂಗರ್ ನೋಡುವಾಗ ಇನ್ನೊಂದು. ಹಳೇ ಮಾಡೆಲ್‌ನಲ್ಲಿ ಹ್ಯಾಮರ್ ನೇರವಾಗಿ ಫೈರಿಂಗ್ ಪಿನ್ ಮೇಲೆ ಕೂರುತ್ತದೆ. ಬಿದ್ದು ಗುಂಡು ಹಾರಿ ಜನರಿಗೆ ಗಾಯಗಳಾದವು. 1973ರಲ್ಲಿ ಹೊಸ ಮಾಡೆಲ್‌ಗೆ ಟ್ರಾನ್ಸ್‌ಫರ್ ಬಾರ್ ಹಾಕಿದರು, ಟ್ರಿಗರ್ ಒತ್ತಿ ಹಿಡಿದರೆ ಮಾತ್ರ ಏಟು ಪಿನ್‌ಗೆ ತಲುಪುವ ಹಾಗೆ. ಹಳೇದನ್ನ ಕಳಿಸಿದರೆ ಕಂಪನಿಯವರೇ ಪುಕ್ಕಟೆ ಅದನ್ನ ಹಾಕಿಕೊಟ್ಟು, ತೆಗೆದ ಹಳೇ ಭಾಗಗಳನ್ನ ಪೊಟ್ಟಣದಲ್ಲಿ ವಾಪಸ್ ಕಳಿಸುತ್ತಾರೆ. ಮೂರು ಸ್ಕ್ರೂ ಹಾಗೇ ಇರುವುದರಿಂದ ಹೊರಗಿನಿಂದ ಗೊತ್ತಾಗಲ್ಲ. ಹ್ಯಾಮರ್ ಎಳೆದು ಅದರ ಮುಂದಿನ ಸಂದಿನಲ್ಲಿ ನೋಡಿ, ತೆಳ್ಳಗಿನ ಉಕ್ಕಿನ ಪಟ್ಟಿ ಮೇಲೆ ಬಂದಿದ್ದರೆ ಬದಲಾಯಿಸಿದ್ದಾರೆ ಅಂತ ಅರ್ಥ. ಹಾಗಿದ್ದರೆ ಆ ಪೊಟ್ಟಣ ಕೇಳಿ. ಬದಲಾಯಿಸಿದ್ದು ನಿಮಗೆ ಇನ್ನೂ ಒಳ್ಳೇದು, ಆದರೂ ಐದೇ ಹಾಕುವ ಅಭ್ಯಾಸ ಬಿಡಬೇಡಿ. .357ರಲ್ಲಿ .38 ಸ್ಪೆಷಲ್ ತೋಟೆಯೂ ಹೋಗುತ್ತದೆ, ಖರ್ಚು ಕಮ್ಮಿ, ಏಟು ಮೆತ್ತಗೆ. ಅದು ಗಿಡ್ಡ ತೋಟೆ, ಚೇಂಬರಿನಲ್ಲಿ ಮುಂದಕ್ಕೆ ಮಸಿಯ ಬಳೆ ಕಟ್ಟುತ್ತದೆ. ಬ್ರಷ್ ಹಾಕಿ ತೆಗೆಯುತ್ತಿರಿ, ಇಲ್ಲ ಅಂದರೆ ಆಮೇಲೆ .357 ಸಲೀಸಾಗಿ ಒಳಗೆ ಹೋಗಲ್ಲ.

ಹಾಸನದಿಂದ_ಟೆಕ್ಸಸ್

ಮೂರು ವಾರ ಆಯಿತು, ವಿಷಯ ಹೇಳೋಣ ಅಂತ ಬಂದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್, ಫೀಲರ್ ಗೇಜ್ ಎರಡೂ ಜೇಬಿನಲ್ಲಿಟ್ಟುಕೊಂಡು ಮತ್ತೆ ಅದೇ ಮಾರಾಟಗಾರರ ಹತ್ತಿರ ಹೋದೆ.

60ರ ದಶಕದ ಕೋಲ್ಟ್ ನೋಡೋದಕ್ಕೆ ಎಲ್ಲಕ್ಕಿಂತ ಚೆಂದ ಇತ್ತು. ಹೆಬ್ಬೆರಳು ಇಟ್ಟು ನಿಧಾನವಾಗಿ ಎಳೆದೆ. ನಾಲ್ಕು ಚೇಂಬರ್ ಸರಿಯಾಗಿ ಲಾಕ್ ಆದವು. ಎರಡರಲ್ಲಿ ಹ್ಯಾಮರ್ ನಿಂತ ಮೇಲೆ ನಾನೇ ಬೆರಳಲ್ಲಿ ತಳ್ಳಬೇಕಾಯಿತು. ಮಾರುವವರಿಗೆ ತೋರಿಸಿದೆ, ಜೋರಾಗಿ ಎಳೆದರೆ ಸರಿಹೋಗುತ್ತದೆ ಅಂದರು. ಜೋರಾಗಿ ಎಳೆದಾಗ ಸಿಲಿಂಡರ್ ತನ್ನ ವೇಗಕ್ಕೇ ಮುಂದೆ ಹೋಗುತ್ತದೆ ಅಂತ ಆಗ ಅರ್ಥವಾಯಿತು. ಬೆಲೆ ಇಳಿಸಲಿಲ್ಲ, ಕೆಳಗಿಟ್ಟೆ.

ರೂಗರ್ ಆರಕ್ಕೆ ಆರೂ ಟಕ್ ಅಂತ ನಿಂತಿತು. ಸಂದು ಸಾವಿರದಲ್ಲಿ ಐದು ಹೋಯಿತು, ಏಳು ಹೋಗಲಿಲ್ಲ. ಟ್ರಾನ್ಸ್‌ಫರ್ ಬಾರ್ ಹಾಕಿಸಿದ್ದಾರೆ. ಪೊಟ್ಟಣ ಕೇಳಿದಾಗ ಮೇಜಿನ ಕೆಳಗಿನ ಡಬ್ಬಿಯಿಂದ ತೆಗೆದುಕೊಟ್ಟರು, ಹಳೇ ಹ್ಯಾಮರ್ ಟ್ರಿಗರ್ ಎಲ್ಲ ಇವೆ. 610 ಡಾಲರಿಗೆ ಮುಗಿಸಿದೆ.

ಮೊದಲ ಶನಿವಾರ .38 ಸ್ಪೆಷಲ್ ನೂರು ಹೊಡೆದೆ. ಒಂದು ಹಾಕಿ, ಒಂದು ಬಿಟ್ಟು, ನಾಲ್ಕು ಅಂತ ಬಾಯಲ್ಲಿ ಹೇಳಿಕೊಂಡೇ ತುಂಬುತ್ತಿದ್ದೆ. 15 ಗಜದಲ್ಲಿ ಮೊದಲ ಐದೂ ಬಲಕ್ಕೆ ಬಿದ್ದವು, ಆದರೆ ಒಂದೇ ಕಡೆ ಗುಂಪಾಗಿ. ಹಿಂದಿನ ಸೈಟಿನ ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದೆ, ನಾಲ್ಕನೇ ಸುತ್ತಿಗೆ ಕಪ್ಪು ವೃತ್ತದೊಳಗೆ ಬಂದವು. ಖಾಲಿ ತೋಟೆ ಒಂದೊಂದಾಗಿ ಕಡ್ಡಿಯಲ್ಲಿ ತಳ್ಳಿ ಹೊರಗೆ ಬೀಳಿಸುವ ಕೆಲಸ ಇದೆಯಲ್ಲ, ಅದು ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಅದೇ ಈಗ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಉಸಿರು ತಾನೇ ನಿಧಾನವಾಗುತ್ತದೆ.

1891ರದ್ದನ್ನೂ ಟಾರ್ಚ್ ಹಾಕಿ ನೋಡಿದೆ. ಗುಳಿಗಳಿವೆ, ಕರೀ ಉಂಗುರ ಇಲ್ಲ. ಓರೆ ಸ್ಕ್ರೂ ಇದೆ, ಅದರ ತಲೆ ಯಾರೋ ತಪ್ಪು ಸ್ಕ್ರೂಡ್ರೈವರ್ ಹಾಕಿ ತಿಂದುಹಾಕಿದ್ದಾರೆ. ಒಂದು ಚೇಂಬರ್ ಕೊಂಚ ತಡವಾಗಿ ಲಾಕ್ ಆಗುತ್ತದೆ. 1,500ಕ್ಕೆ ಕೇಳಿದೆ, ನವೆಂಬರ್‌ನ ಶೋವರೆಗೆ ಹೋಗದಿದ್ದರೆ ನೋಡೋಣ ಅಂದರು.

ಕೇಪಿನಕೋವಿ

ನವೆಂಬರ್‌ವರೆಗೆ ಸಮಯ ಇದೆ. ಆ ತಡವಾಗುವ ಚೇಂಬರನ್ನ ಸರಿಮಾಡುವ ಗನ್‌ಸ್ಮಿತ್‌ನ ಈಗಲೇ ಹುಡುಕಿಡಿ, ಸಿಂಗಲ್ ಆಕ್ಷನ್ ಕೆಲಸ ಗೊತ್ತಿರುವವರು. ಸಿಲಿಂಡರ್ ತಿರುಗಿಸುವ ಆ ಕೈಯನ್ನ ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಬೇಕು, ಅಂಗಡಿಯಿಂದ ತಂದು ಹಾಗೇ ಹಾಕಿದರೆ ಕೂರಲ್ಲ. ಅವರು ಎಷ್ಟು ಕೇಳುತ್ತಾರೆ ಅಂತ ತಿಳಿದುಕೊಂಡು ಅಷ್ಟನ್ನ 1,500ರಲ್ಲಿ ಕಳೆದು ಹೇಳಿ.